ಪದ ಪರಿಚಯ: ಪೋಷಕಾಂಶ

ರೇಷನ್ ಅಕ್ಕಿ ತೊಳೆಯುವಾಗ ನಾಲ್ಕಾರು ಕಾಳು ಮೇಲೆ ತೇಲುತ್ತವೆ. ಬಣ್ಣ ಕೊಂಚ ಬೇರೆ, ಆಕಾರ ಎಲ್ಲ ಒಂದೇ ಥರ. ಮಲೆನಾಡಿನ ಸಾಗರ, ಹೊಸನಗರದ ಕಡೆ ಎಷ್ಟೋ ಮನೆಗಳಲ್ಲಿ "ಇದು ಪ್ಲಾಸ್ಟಿಕ್ ಅಕ್ಕಿ ಕಣ್ರೀ" ಅಂತ ಅದನ್ನು ಆರಿಸಿ ಎಸೆಯುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಯ ಆಕಾರಕ್ಕೆ ತಂದ ಕಾಳು. ಮಾಮೂಲಿ ಅಕ್ಕಿ 100 ಪಾಲಾದರೆ ಇದು 1 ಪಾಲು. ಬೆರೆತದ್ದಕ್ಕೆ ಸಾರವರ್ಧಿತ ಅಕ್ಕಿ ಅಂತ ಹೆಸರು. ಅಂದರೆ ಹಿತ್ತಿಲಿಗೆ ಎಸೆದದ್ದು ಪೋಷಕಾಂಶವನ್ನೇ.

ಪೋಷಕಾಂಶ ಅಂದರೆ ಇಷ್ಟೇ: ಮೈ ಬೆಳೆಯಲು, ಸವೆದದ್ದನ್ನು ಸರಿಮಾಡಿಕೊಳ್ಳಲು, ದಿನದ ಕೆಲಸಕ್ಕೆ ಶಕ್ತಿ ಪಡೆಯಲು ಊಟದಿಂದ ಬರಲೇಬೇಕಾದ ವಸ್ತು. ಕೆಲವು ಜಾಸ್ತಿ ಬೇಕು. ಪಿಷ್ಟ, ಸಕ್ಕರೆಯಂಥ ಕಾರ್ಬೋಹೈಡ್ರೇಟು, ಪ್ರೋಟೀನು, ಕೊಬ್ಬು ಈ ಸಾಲಿನವು. ಮೊದಲೆರಡರ ಒಂದು ಗ್ರಾಮಿನಿಂದ ಸುಮಾರು 4 ಕ್ಯಾಲೊರಿ ಸಿಗುತ್ತದೆ, ಕೊಬ್ಬಿನಿಂದ 9. ಇನ್ನು ಕೆಲವು ಚಿಟಿಕೆಗಿಂತಲೂ ಕಡಿಮೆ ಸಾಕು, ಆದರೆ ಇಲ್ಲದಿದ್ದರೆ ನಡೆಯುವುದಿಲ್ಲ. ವಿಟಮಿನ್ನುಗಳು, ಖನಿಜಗಳು ಇಲ್ಲಿ ಬರುತ್ತವೆ. ನೀರೂ ಬೇಕು, ನಾರೂ ಬೇಕು. ಶಾಲೆಯ ಪುಸ್ತಕದಲ್ಲಿ ಇದನ್ನೆಲ್ಲ ಓದಿಯೇ ಇರುತ್ತೀರಿ.

ಪುಸ್ತಕ ಅಷ್ಟಾಗಿ ಹೇಳದ ಮಾತು ಬೇರೆ ಇದೆ. ಪದಾರ್ಥದಲ್ಲಿ ಇರುವ ಪೋಷಕಾಂಶವೆಲ್ಲ ಮೈಗೆ ಸೇರುವುದಿಲ್ಲ. ಎಷ್ಟು ಸೇರಬೇಕು ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನ ಮಾಡುವುದು ಅಡುಗೆಮನೆ. ಪೋಷಕಾಂಶಗಳ ಪಟ್ಟಿ ನೋಡಿ "ಇದರಲ್ಲಿ ಇಷ್ಟು ಮಿಲಿಗ್ರಾಂ ಇದೆ" ಅಂತ ಸಮಾಧಾನ ಪಡುವವರಿಗೆ ಈ ಮಾತು ರುಚಿಸುವುದಿಲ್ಲ.

ಅನ್ನವನ್ನೇ ನೋಡಿ. ಭತ್ತದ ಹೊಟ್ಟು ತೆಗೆದರೆ ಒಳಗೆ ಕಂದು ಇಲ್ಲವೇ ಕೆಂಪು ತವುಡಿನ ಪದರ. ಬಿ1 ವಿಟಮಿನ್, ಅಂದರೆ ಥಯಾಮಿನ್, ಹೆಚ್ಚಾಗಿ ಇರುವುದು ಈ ತವುಡಿನಲ್ಲಿ ಮತ್ತು ಕಾಳಿನ ತುದಿಯ ಮೊಳಕೆಯಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಎರಡೂ ಹೋಗುತ್ತವೆ. ಉಳಿದ ಚೂರುಪಾರು ಮೂರು ನಾಲ್ಕು ಸಲ ತಿಕ್ಕಿ ತೊಳೆಯುವಾಗ ಅಕ್ಕಚ್ಚಿನ ಜೊತೆ ಹೋಗುತ್ತದೆ. ಆಮೇಲೆ ಜಾಸ್ತಿ ನೀರಿಟ್ಟು ಬೇಯಿಸಿ ಗಂಜಿ ಬಸಿದರೆ ಅದರಲ್ಲಿ ಇನ್ನಷ್ಟು. ಬಸಿದದ್ದು ಎಲ್ಲಿಗೆ ಹೋಗುತ್ತದೆ? ಹಳ್ಳಿ ಮನೆಗಳಲ್ಲಿ ಅಕ್ಕಚ್ಚು, ಗಂಜಿತಿಳಿ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ ಬೀಳುತ್ತವೆ. ಅಲ್ಲಿಂದ ಕೊಟ್ಟಿಗೆಗೆ. ದನಕ್ಕೆ ತವುಡು, ಗಂಜಿ, ಬಿ ವಿಟಮಿನ್ನು. ನಮಗೆ ಬಿಳಿ ಅನ್ನ!

ಇದು ಬರೀ ತಮಾಷೆಯ ಮಾತಲ್ಲ. ಥಯಾಮಿನ್ ತೀರಾ ಕಡಿಮೆಯಾದರೆ ಬೆರಿಬೆರಿ ಅನ್ನುವ ಕಾಯಿಲೆ ಬರುತ್ತದೆ. ಕಾಲಿನಲ್ಲಿ ಬಲ ಇಲ್ಲವಾಗುತ್ತದೆ, ಹೃದಯ ಸೋಲುತ್ತದೆ. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ 1890ರ ದಶಕದಲ್ಲಿ ಇದರ ಸುಳಿವು ಹಿಡಿದದ್ದು ಕೋಳಿಗಳಿಂದ. ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬಿದ್ದವು. ತವುಡಿರುವ ಅಕ್ಕಿ ಕೊಟ್ಟಾಗ ಎದ್ದು ಓಡಾಡಿದವು. ಈ ಕೆಲಸಕ್ಕೆ ಅವರಿಗೆ 1929ರಲ್ಲಿ ನೊಬೆಲ್ ಬಂತು. ನಮ್ಮ ದೇಶದ ರಾಷ್ಟ್ರೀಯ ಪೋಷಣಾ ಸಂಸ್ಥೆ ಈಗ ಹೈದರಾಬಾದಿನಲ್ಲಿದೆ. ಅದು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿದ್ದೇ ಬೆರಿಬೆರಿ ತನಿಖೆಯ ಘಟಕವಾಗಿ.

ಹಾಗಾದರೆ ತಲೆತಲಾಂತರದಿಂದ ಅನ್ನ ಉಂಡವರು ಹೇಗಿದ್ದರು? ಒಂದು ಕಾರಣ ಕುಚ್ಚಲಕ್ಕಿ. ತೀರ್ಥಹಳ್ಳಿ ಕಡೆ ಕುಸುಬಲಕ್ಕಿ ಅಂತಲೂ ಅನ್ನುತ್ತಾರೆ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು. ಬೇಯುವಾಗ ತವುಡಿನ ವಿಟಮಿನ್ ಸ್ವಲ್ಪ ಕಾಳಿನ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಇನ್ನೊಂದು ಕಾರಣ ಗಂಜಿಯನ್ನೇ ಉಣ್ಣುವ ರೂಢಿ. ಬೆಳಿಗ್ಗೆ ಉಪ್ಪು, ತುಪ್ಪ ಹಾಕಿದ ಗಂಜಿ, ಪಕ್ಕದಲ್ಲೊಂದು ಅಪ್ಪೆಮಿಡಿ. ಬಸಿದು ಚೆಲ್ಲುವುದೇ ಇಲ್ಲ, ಕಳೆದುಹೋಗುವುದೆಲ್ಲಿ? ಹಬೆಯಲ್ಲಿ ಬೇಯುವ ಕಡುಬಿಗೂ ಇದೇ ಲಾಭ. ನೀರಿಗೆ ಬಿಟ್ಟು ಹೋಗುವ ದಾರಿ ಕಡಿಮೆ.

ಸೊಪ್ಪಿನ ವಿಷಯ ಇನ್ನೂ ಸೂಕ್ಷ್ಮ. ವಿಟಮಿನ್ ಸಿ ನೀರಿಗೆ ಬಿಡುತ್ತದೆ, ಬಿಸಿಗೆ ಹಾಳಾಗುತ್ತದೆ. ವಿಟಮಿನ್ ಎ ಆಗಿ ಬದಲಾಗುವ ಕ್ಯಾರೋಟಿನ್ ಹಾಗಲ್ಲ. ಸ್ವಲ್ಪ ಬಾಡಿಸಿ ಅರೆದರೆ ಅದು ಇನ್ನೂ ಸಲೀಸಾಗಿ ಸಿಗುತ್ತದೆ, ಆದರೆ ಜೊತೆಗೆ ಕೊಬ್ಬು ಬೇಕು. ಕೊಬ್ಬಿಲ್ಲದ ಊಟದಲ್ಲಿ ಅದು ಲಾಸ್ಟ್ ಬಸ್ ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲೇ ಉಳಿದ ಪ್ರಯಾಣಿಕನ ಹಾಗೆ. ಈಗ ತಂಬುಳಿ ಮಾಡುವ ರೀತಿ ನೋಡಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಅದೇ ಬಿಸಿಯಲ್ಲಿ ದೊಡ್ಡಪತ್ರೆಯನ್ನೋ ಬಸಳೆ ಚಿಗುರನ್ನೋ ಒಂದು ಸುತ್ತು ಬಾಡಿಸುತ್ತಾರೆ. ಕಾಯಿತುರಿ ಸೇರಿಸಿ ನುಣ್ಣಗೆ ಅರೆದು ಮಜ್ಜಿಗೆಗೆ ಕದಡುತ್ತಾರೆ. ಕುದಿಸುವುದಿಲ್ಲ. ತುಪ್ಪ, ಕಾಯಿ ಎರಡರಿಂದಲೂ ಕೊಬ್ಬು ಬಂತು. ಒಂದೆಲಗವನ್ನಾದರೆ ಎಷ್ಟೋ ಮನೆಗಳಲ್ಲಿ ಹಸಿಯಾಗಿಯೇ ಅರೆಯುತ್ತಾರೆ. ಒಂದೆಲಗ ತಿಂದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತೆ ಅನ್ನುವ ಅಜ್ಜಿಯಂದಿರ ಮಾತಿಗೆ ಮಾತ್ರ ನಾನು ಜಾಮೀನು ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಕೆಸುವಿನ ಸರದಿ. ಪಟ್ಟಿಯಲ್ಲಿ ಕೆಸುವಿನ ಎಲೆಯ ಮುಂದೆ ಕ್ಯಾಲ್ಸಿಯಂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಒಳ್ಳೇ ಪಾಲು ಎಲೆಯಲ್ಲೇ ಇರುವ ಆಕ್ಸಲೇಟ್ ಅನ್ನುವ ವಸ್ತುವಿನ ಜೊತೆ ಅಂಟಿಕೊಂಡಿರುತ್ತದೆ. ಕರುಳು ಅದನ್ನು ಹೀರಿಕೊಳ್ಳಲಾರದು. ಗಂಟಲು ತುರಿಸುವುದೂ ಇದೇ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಪತ್ರೊಡೆಗೆ ಧಾರಾಳವಾಗಿ ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ. ಪತ್ರೊಡೆ ರುಚಿಗೆ ತಿನ್ನಿ, ಕ್ಯಾಲ್ಸಿಯಂಗೆ ಮಜ್ಜಿಗೆ ಕುಡಿಯಿರಿ.

ಕಳಲೆಯದು ಇನ್ನೊಂದು ಕಥೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇದೆ. ಅದಕ್ಕೇ ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುವುದು. ಆ ನೀರಿನ ವಾಸನೆ ಗೊತ್ತಿದ್ದವರಿಗೇ ಗೊತ್ತು. ನೀರಿನ ಜೊತೆ ಬಿ, ಸಿ ವಿಟಮಿನ್ನುಗಳೂ ಹೋಗುತ್ತವೆ ನಿಜ. ಹೋಗಲಿ ಬಿಡಿ. ವಿಷ ತೆಗೆಯುವುದು ಮೊದಲು, ವಿಟಮಿನ್ ಉಳಿಸುವುದು ಆಮೇಲೆ. ಅವಸರದಲ್ಲಿ ಒಂದೇ ದಿನಕ್ಕೆ ಒಲೆ ಹತ್ತಿಸಬೇಡಿ.

ಎಲ್ಲವನ್ನೂ ಹೊಗಳಿದರೆ ತಪ್ಪಾಗುತ್ತದೆ. ನಮ್ಮ ಊಟದಲ್ಲಿ ಅನ್ನ ಗುಡ್ಡದಷ್ಟು, ಬೇಳೆ ಹುಡುಕಬೇಕು. ತಿಳಿಸಾರಿನಲ್ಲಿ ಪ್ರೋಟೀನ್ ಎಷ್ಟಿದ್ದೀತು? ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ದಿನಕ್ಕೆ ಗಂಡಸಿಗೆ 54 ಗ್ರಾಂ, ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಬೇಕು. ಅನ್ನದ ಪ್ರೋಟೀನಿನಲ್ಲಿ ಮೈಗೆ ಬೇಕೇ ಬೇಕಾದ ಲೈಸಿನ್ ಅನ್ನುವ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಸಾಕಷ್ಟಿದೆ. ಹೆಸರುಕಾಳಿನ ಗಟ್ಟಿ ಪಲ್ಯ ಜೊತೆಗಿದ್ದರೆ ಕೊರತೆ ತುಂಬುತ್ತದೆ. ಮೀನು ತಿನ್ನುವ ಮನೆಗಳಿಗೆ ಈ ಚಿಂತೆ ಕಡಿಮೆ. ಮುಂಗಾರಿನ ಮೊದಲ ನೆರೆಗೆ ಏರಿ ಬರುವ ಹತ್ತುಮೀನು, ಗದ್ದೆಯ ಏಡಿ ಪ್ರೋಟೀನನ್ನೂ ಬಿ12ಅನ್ನೂ ಕೊಡುತ್ತವೆ. ಸಣ್ಣ ಮೀನನ್ನು ಮುಳ್ಳಿನ ಸಮೇತ ಅಗಿದರೆ ಕ್ಯಾಲ್ಸಿಯಮ್ಮೂ ಸಿಗುತ್ತದೆ. ಸಸ್ಯಾಹಾರಿಗಳಿಗೆ ಬಿ12 ಬರುವ ದಾರಿ ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆ.

ಕಬ್ಬಿಣದ ವಿಷಯದಲ್ಲಿ ನಮ್ಮದೇ ಒಂದು ಕೆಟ್ಟ ಚಾಳಿ ಇದೆ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19. ಸೊಪ್ಪು, ಕಾಳುಗಳ ಕಬ್ಬಿಣ ಮೈಗೆ ಸೇರುವುದೇ ಕಷ್ಟ. ಊಟದಲ್ಲಿ ನಿಂಬೆರಸ ಅಥವಾ ನೆಲ್ಲಿಕಾಯಿ ಚಟ್ನಿ ಇದ್ದರೆ ಅದರ ವಿಟಮಿನ್ ಸಿ ಸಹಾಯ ಮಾಡುತ್ತದೆ. ಕೈ ತೊಳೆದ ತಕ್ಷಣ ಕಾಫಿ ಲೋಟ ಹಿಡಿದರೆ ಮಾಡಿದ ಸಹಾಯವೆಲ್ಲ ನೀರುಪಾಲು. ಕಾಫಿ, ಚಹಾದಲ್ಲಿರುವ ಒಗರಿನ ವಸ್ತುಗಳು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಕಾಫಿ ಸೀಮೆಯ ಪಕ್ಕದವರಿಗೆ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ, ಆಯ್ತಾ?

ಕೊನೆಗೆ ಅಯೋಡಿನ್. ಜಾಸ್ತಿ ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತದೆ. ಅಲ್ಲಿ ಬೆಳೆದ ಬೆಳೆಯಲ್ಲೂ ಅದು ಕಡಿಮೆ. ಕುತ್ತಿಗೆ ಊದಿಕೊಳ್ಳುವ ಗಳಗಂಡ ಬರುವುದು ಇದರಿಂದ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. 70 ವರ್ಷಕ್ಕೆ ಕೂಡಿಸಿದರೂ 4 ಗ್ರಾಂ ದಾಟುವುದಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದ್ದರು. 1962ರಲ್ಲಿ ದೇಶಕ್ಕೆಲ್ಲ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು.

ಈಗ ಗುಲಾಬಿ ಬಣ್ಣದ ಕಲ್ಲುಪ್ಪಿನ ಹುಚ್ಚು ಹಬ್ಬಿದೆ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಗುಡ್ಡದ ಮೇಲಿನವರಿಗೆ ಇದು ಬೇಡದ ಶೋಕಿ. ಮಿಡಿ ಉಪ್ಪಿನಕಾಯಿಗೆ ಹರಳುಪ್ಪು ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ದಿನದ ಅಡುಗೆಗೆ ಅಯೋಡಿನ್ ಉಪ್ಪು ಇರಲಿ. ಆಷಾಢದ ತೇವಕ್ಕೆ ಉಪ್ಪು ನೀರೊಡೆಯುತ್ತದೆ ಅಂತ ಉಪ್ಪಿನ ಮರಿಗೆಯನ್ನು ಒಲೆಯ ಪಕ್ಕ ತೆರೆದಿಡುವವರಿದ್ದಾರೆ. ತೇವಕ್ಕೂ ಬಿಸಿಗೂ ಅಯೋಡಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಲೆಯಿಂದ ದೂರ ಇಡಿ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿ.