ಕಾಲಿನೊಳಗಿನ ಫುಟ್ ವಾಲ್ವ್

ಬೈಪಾಸ್ ಆಪರೇಷನ್ ಬಗ್ಗೆ ಕೇಳದವರಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಕಾಲಿನಿಂದ ಒಂದು ನಾಳ ತೆಗೆದು ಅಲ್ಲಿ ಜೋಡಿಸುತ್ತಾರೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅರ್ಜೆಂಟೀನಾದ ಸರ್ಜನ್ ರೆನೆ ಫಾವಲೊರೊ ಮಾಡಿ ತೋರಿಸಿದ ಮೇಲೆ ಈ ವಿಧಾನ ರೂಢಿಗೆ ಬಂತು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ವಿವರ. ಕಾಲಿನ ಆ ನಾಳವನ್ನು ಸಾಮಾನ್ಯವಾಗಿ ತಲೆಕೆಳಗು ಮಾಡಿ ಹೊಲಿಯುತ್ತಾರೆ. ಪಾದದ ಕಡೆಯ ತುದಿ ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಗೆ, ತೊಡೆಯ ಕಡೆಯ ತುದಿ ಹೃದಯದ ನಾಳಕ್ಕೆ. ಹಾಗೆ ತಿರುಗಿಸದಿದ್ದರೆ ನಾಳವೇ ರಕ್ತಕ್ಕೆ ಅಡ್ಡ ನಿಲ್ಲುತ್ತದೆ.

ಯಾಕೆ ಅಂದರೆ ಆ ನಾಳದೊಳಗೆ ಕವಾಟಗಳಿವೆ. ತೆಳ್ಳಗಿನ ಎರಡೆರಡು ರೆಕ್ಕೆಗಳು. ರಕ್ತ ಮೇಲಕ್ಕೆ ಬಂದರೆ ದಾರಿ ಬಿಡುತ್ತವೆ, ಕೆಳಕ್ಕೆ ಜಾರಿದರೆ ಮುಚ್ಚಿಕೊಳ್ಳುತ್ತವೆ. ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈಪಿನ ತಳದಲ್ಲಿ ಫುಟ್ ವಾಲ್ವ್ ಇರುತ್ತದಲ್ವಾ, ಅದೇ ಕೆಲಸ. ವಾಲ್ವಿಗೆ ಕಸ ಸಿಕ್ಕಿತೋ, ಮೋಟಾರು ನಿಂತ ಕೂಡಲೇ ಏರಿದ ನೀರೆಲ್ಲ ಬಾವಿಗೇ ವಾಪಸ್. ವ್ಯತ್ಯಾಸ ಇಷ್ಟೇ: ಬಾವಿಗೆ ಒಂದು ವಾಲ್ವ್ ಸಾಕು, ಕಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಾರು.

ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳ ಗೋಡೆ ದಪ್ಪ, ಎಳೆದರೆ ಹಿಗ್ಗುತ್ತದೆ, ಆ ಒತ್ತಡವನ್ನು ತಾಳಿಕೊಳ್ಳುತ್ತದೆ. ಆದರೆ ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮನಾಳಗಳನ್ನು ನುಸುಳಿ, ಕಾಲಿನ ಆ ನಾಳದಂತೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ಅಭಿಧಮನಿಗೆ ಬರುವ ಹೊತ್ತಿಗೆ ಆ ತಳ್ಳಾಟ ಬಹುಪಾಲು ಮುಗಿದಿರುತ್ತದೆ. ಪಾದದಿಂದ ಎದೆಯವರೆಗೆ ನಾಲ್ಕಡಿ ಏರಬೇಕು. ಏರಿಸುವವರು ಯಾರು? ಮುಖ್ಯವಾಗಿ ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಆ ಸ್ನಾಯು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ಕೆಳಗಿನ ಕವಾಟ ಮುಚ್ಚಿರುವುದರಿಂದ ರಕ್ತಕ್ಕೆ ಮೇಲೇರದೆ ಬೇರೆ ದಾರಿಯಿಲ್ಲ. ಅಲ್ಲಾಡದೆ ನಿಂತರೆ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸ. ನಡೆಯಲು ಶುರು ಮಾಡಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಪೆರೇಡಿನಲ್ಲಿ ಸುಮ್ನೆ ಅಟೆನ್ಷನ್‌ನಲ್ಲಿ ನಿಂತ ಹುಡುಗರು ದೊಪ್ಪನೆ ಬೀಳುವುದರಲ್ಲಿ ಬಿಸಿಲಿನ ಜೊತೆಗೆ ಈ ಮೀನಖಂಡದ ಪಾಲೂ ಇದೆ.

ಕವಾಟ ನಿಜವಾಗಿ ಇದೆಯಾ ಅಂತ ಅನುಮಾನವಿದ್ದರೆ ನಿಮ್ಮ ಕೈಯಲ್ಲೇ ನೋಡಬಹುದು. ತೋಳಿಗೆ ಒಂದು ಟವೆಲನ್ನು ಹದವಾಗಿ ಕಟ್ಟಿ ಕೈ ಇಳಿಬಿಡಿ. ಮುಂಗೈಯಲ್ಲಿ ಅಭಿಧಮನಿಗಳು ಉಬ್ಬುತ್ತವೆ. ಅಲ್ಲಲ್ಲಿ ಕಾಣುವ ಪುಟ್ಟ ಗಂಟುಗಳೇ ಕವಾಟ. ಗಂಟಿಗಿಂತ ಕೆಳಗೆ, ಮಣಿಕಟ್ಟಿನ ಕಡೆ, ಒಂದು ಬೆರಳು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಗಂಟು ದಾಟುವ ತನಕ ರಕ್ತವನ್ನು ಸವರಿ ತಳ್ಳಿ. ಈಗ ಮೇಲಿನ ಬೆರಳು ತೆಗೆಯಿರಿ. ರಕ್ತ ಗಂಟಿನವರೆಗೆ ಹಿಂದೆ ಬಂದು ಅಲ್ಲೇ ನಿಲ್ಲುತ್ತದೆ, ಕೆಳಗಿನ ತುಂಡು ಖಾಲಿಯೇ ಇರುತ್ತದೆ. ಕೆಳಗಿನ ಬೆರಳು ಎತ್ತಿದ್ದೇ ತಡ, ಥಟ್ಟನೆ ತುಂಬುತ್ತದೆ. ನೋಡಿಯಾದ ಮೇಲೆ ಟವೆಲ್ ಬಿಚ್ಚಿಬಿಡಿ.

ಈ ಪ್ರಯೋಗ ನನ್ನದಲ್ಲ. ಇಂಗ್ಲೆಂಡಿನ ವಿಲಿಯಂ ಹಾರ್ವಿ 1628ರ ತನ್ನ ಪುಸ್ತಕದಲ್ಲಿ ಚಿತ್ರಸಮೇತ ತೋರಿಸಿದ್ದು. ಅದಕ್ಕೂ ಮೊದಲು ಸುಮಾರು 1400 ವರ್ಷ ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಹೇಳಿದ್ದೇ ವೇದವಾಕ್ಯ: ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ, ಮೈಯಲ್ಲಿ ಖರ್ಚಾಗಿ ಹೋಗುತ್ತದೆ. ಹಾರ್ವಿ ಲೆಕ್ಕ ಹಾಕಿದ. ಅರ್ಧ ಗಂಟೆಯಲ್ಲಿ ಹೃದಯ ದಾಟುವ ರಕ್ತ ಇಡೀ ಮೈಯಲ್ಲಿರುವುದಕ್ಕಿಂತ ಜಾಸ್ತಿ. ಅಷ್ಟನ್ನು ತಯಾರಿಸಲು ಯಾವ ಊಟ ಸಾಕಾದೀತು? ಅದೇ ರಕ್ತ ಸುತ್ತುತ್ತಿರಬೇಕು. ತಮಾಷೆ ಅಂದರೆ ಕವಾಟಗಳ ಬಗ್ಗೆ ಪುಸ್ತಕವನ್ನೇ ಬರೆದವನು ಇಟಲಿಯ ಪಾದುವಾದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಸಿಯಸ್, 1603ರಲ್ಲಿ. ಆದರೆ ರಕ್ತ ಕೈಕಾಲಿಗೆ ರಭಸವಾಗಿ ನುಗ್ಗದಂತೆ ತಡೆಯಲು ಅವು ಇವೆ ಎಂದುಕೊಂಡ. ವಸ್ತು ಕಣ್ಣೆದುರೇ ಇತ್ತು, ದಿಕ್ಕು ಮಾತ್ರ ಹೊಳೆಯಲಿಲ್ಲ. ಹಾರ್ವಿಗೂ ಒಂದು ಕೊಂಡಿ ಸಿಗದೆ ಉಳಿಯಿತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದೆಲ್ಲಿ? ಅವನು ತೀರಿಕೊಂಡು ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ.

ಕವಾಟ ಸೋತರೆ ಆಗುವುದೇ ವೇರಿಕೋಸ್ ವೇನ್ಸ್, ಅಂದರೆ ಉಬ್ಬಿ ಸೊಟ್ಟಗಾದ ಅಭಿಧಮನಿಗಳು. ಒಂದು ಸಡಿಲವಾದರೆ ಅದರ ಭಾರ ಕೆಳಗಿನದರ ಮೇಲೆ ಬೀಳುತ್ತದೆ. ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಎರಡು ರೆಕ್ಕೆ ಒಂದಕ್ಕೊಂದು ತಾಗುವುದೇ ಇಲ್ಲ. ಹೀಗೆ ಸಾಲಾಗಿ ಕೆಡುತ್ತಾ ಹೋಗುತ್ತವೆ. ದಿನವಿಡೀ ಕಾವಲಿ ಮುಂದೆ ನಿಲ್ಲುವ ದೋಸೆ ಭಟ್ಟರು, ಟ್ರಾಫಿಕ್ ಪೊಲೀಸರು, ಮೇಷ್ಟ್ರುಗಳು, ಹೆತ್ತ ಹೆಂಗಸರು ಇದನ್ನು ಚೆನ್ನಾಗಿ ಬಲ್ಲರು. ಮನೆತನದಲ್ಲಿ ಇದ್ದರೆ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಮೊದಲು ಸಂಜೆ ಹೊತ್ತು ಕಾಲು ಭಾರ, ಆಮೇಲೆ ಪಾದದ ಗಂಟಿನ ಒಳಮಗ್ಗುಲಲ್ಲಿ ತುರಿಕೆ, ಚರ್ಮ ಕಪ್ಪು, ಕೊನೆಗೆ ವಾಸಿಯಾಗದ ಹುಣ್ಣು.

ಇಲ್ಲೇ ನನಗೆ ತಾಳ್ಮೆ ತಪ್ಪುವುದು. ಕಪ್ಪಾಗಿದೆ ಅಂದ ಕೂಡಲೇ "ಕೆಟ್ಟ ರಕ್ತ ಸೇರಿದೆ, ತೆಗೆಸಿಬಿಡಿ" ಎನ್ನುವವರು ಹಾಜರು. ಬ್ಲೇಡು, ಜಿಗಣೆ, ರಕ್ತಶುದ್ಧಿಯ ಟಾನಿಕ್ಕು. ಆ ಕಪ್ಪು, ಒತ್ತಡಕ್ಕೆ ನಾಳದಿಂದ ಸೋರಿದ ರಕ್ತಕಣಗಳ ಕಬ್ಬಿಣ ಚರ್ಮದಲ್ಲಿ ಉಳಿದ ಕಲೆ. ಕೆಟ್ಟಿರುವುದು ಕವಾಟ, ರಕ್ತವಲ್ಲ. ಅಭಿಧಮನಿಯ ರಕ್ತ ಕೊಳಕು ಅನ್ನುವುದಾದರೆ ರಕ್ತದಾನ ಶಿಬಿರದಲ್ಲಿ ಸೂಜಿ ಚುಚ್ಚುವುದು ಎಲ್ಲಿಗೆ? ಅಭಿಧಮನಿಗೇ. ಅದರಲ್ಲಿ ಆಮ್ಲಜನಕ ಇನ್ನೂ ಮುಕ್ಕಾಲು ಪಾಲು ಉಳಿದಿರುತ್ತದೆ. ಹೊರಗಿನಿಂದ ನೀಲಿ ಕಾಣುವುದು ಚರ್ಮದಲ್ಲಿ ಬೆಳಕು ಚದುರುವುದರಿಂದ. ಒಳಗಿರುವುದು ಕಡುಗೆಂಪು.

ಮದ್ದು ಕೂಡ ಒತ್ತಡದ ಲೆಕ್ಕಾಚಾರವೇ. ಬಿಗಿ ಸ್ಟಾಕಿಂಗ್ಸ್, ನಡಿಗೆ, ಮಲಗಿದಾಗ ಕಾಲು ಎದೆಗಿಂತ ಮೇಲೆ. ಸಾಲದಿದ್ದರೆ ಲೇಸರ್‌ನಿಂದ ಆ ನಾಳವನ್ನೇ ಮುಚ್ಚುತ್ತಾರೆ. ಮುಚ್ಚಿದರೆ ರಕ್ತ ಎಲ್ಲಿ ಹೋಗಬೇಕು ಅಂತ ಹೆದರಬೇಡಿ. ಕಾಲಿನ ರಕ್ತದ ಬಹುಪಾಲು ಹೊತ್ತೊಯ್ಯುವುದು ಸ್ನಾಯುಗಳ ನಡುವಿನ ಆಳದ ಅಭಿಧಮನಿಗಳು. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಕುರ್ಚಿಯಲ್ಲಿ ಕೂರಿಸಬೇಡಿ. ಮಲಗಿಸಿ, ಕಾಲೆತ್ತಿ, ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.

ಅಪಧಮನಿಯ ಕಾಯಿಲೆ ಬೇರೆಯೇ ಕತೆ. ಅಲ್ಲಿ ಕೊಬ್ಬು ನಾಳದ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ, ಗೋಡೆಯ ಪದರದೊಳಗೆ ಸೇರುತ್ತದೆ. ಅದರ ಮೇಲಿನ ಪೊರೆ ಹರಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್. ಬಿಪಿ, ಸಕ್ಕರೆ, ಬೀಡಿ ಸಿಗರೇಟು ಎಲ್ಲ ಆ ಗೋಡೆಯ ಶತ್ರುಗಳು.

ಕಾಲಿನ ಆಳದ ಅಭಿಧಮನಿಯಲ್ಲೂ ರಕ್ತ ಹೆಪ್ಪುಗಟ್ಟಬಹುದು. ಆಪರೇಷನ್ ಆಗಿ ಮಲಗಿದವರಿಗೆ, ರಾತ್ರಿಯಿಡೀ ಬಸ್ಸಿನಲ್ಲೋ ವಿಮಾನದಲ್ಲೋ ಕಾಲು ಮಡಚಿ ಕೂತವರಿಗೆ ಆ ಅಪಾಯ ಹೆಚ್ಚು. ಮೀನಖಂಡಕ್ಕೆ ಕೆಲಸವಿಲ್ಲ, ರಕ್ತ ನಿಂತಲ್ಲೇ ನಿಲ್ಲುತ್ತದೆ. ಅಲ್ಲಿಂದ ಒಂದು ಚೂರು ಕಿತ್ತುಕೊಂಡರೆ ಹೃದಯದ ಬಲಭಾಗ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ, ಜೀವಕ್ಕೇ ಸಂಚಕಾರ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಅವತ್ತೇ ನಾಳದೊಳಗಿನ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಇರುವ ಕಡೆ ತೋರಿಸಿ.