ಫ್ಯಾನ್ ತಿರುಗುತ್ತದೆ, ಬೆಂಕಿ ಹೊತ್ತುವುದಿಲ್ಲ: ಆರ್‌ವಿ ಫರ್ನೇಸಿನ ಕಾಯಿಲೆ ಎಲ್ಲಿದೆ?

ಪ್ರಶ್ನೆ: ನಮ್ಮ ಆರ್‌ವಿಯಲ್ಲಿರುವ (ಮನೆಯಂತೆ ವಾಸಿಸಬಹುದಾದ ಪ್ರವಾಸಿ ವಾಹನದಲ್ಲಿರುವ) ಪ್ರೊಪೇನ್ ಫರ್ನೇಸನ್ನು, ಅಂದರೆ ಗ್ಯಾಸಿನಿಂದ ಒಳಾಂಗಣವನ್ನು ಬೆಚ್ಚಗಿಡುವ ಯಂತ್ರವನ್ನು, ಚಾಲೂ ಮಾಡಿದರೆ ಫ್ಯಾನ್ ತಿರುಗುತ್ತದೆ, ಆದರೆ ಬರುವುದು ತಣ್ಣನೆಯ ಗಾಳಿ. ಸಿಲಿಂಡರಿನಲ್ಲಿ ಗ್ಯಾಸ್ ಇದೆ, ಒಲೆಯೂ ಉರಿಯುತ್ತದೆ. ಸರ್ಕ್ಯೂಟ್ ಬೋರ್ಡ್ ಬದಲಿಸಬೇಕಾದೀತೆ?

ಉತ್ತರ: ಬೋರ್ಡಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನು. ಅದಕ್ಕೂ ಮುಂಚೆ ಫರ್ನೇಸಿನ ಪಕ್ಕದಲ್ಲಿ ಒಂದೆರಡು ನಿಮಿಷ ಕುಳಿತು, ಅದು ಯಾವ ಹಂತದವರೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು.

ಕೋಣೆಯ ತಾಪವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಶಾಖ ಬೇಕೆಂದು ಕೇಳಿದ ಕೂಡಲೇ ಫರ್ನೇಸ್ ಗ್ಯಾಸ್ ಬಿಡುವುದಿಲ್ಲ. ಮೊದಲು ಬ್ಲೋವರ್, ಅಂದರೆ ಫ್ಯಾನ್, ತಿರುಗಬೇಕು. ಆ ಗಾಳಿಯ ರಭಸಕ್ಕೆ ಸೇಲ್ ಸ್ವಿಚ್ (ಹಾಯಿಯಂತೆ ಗಾಳಿಗೆ ಅಲುಗುವ ಪುಟ್ಟ ಸುರಕ್ಷಾ ಸ್ವಿಚ್) ಒತ್ತಿಕೊಳ್ಳಬೇಕು. ಒಳಗೆ ಉಳಿದಿರಬಹುದಾದ ಗ್ಯಾಸ್ ಹೊರಹೋಗಲೆಂದು ಸುಮಾರು 15 ಸೆಕೆಂಡು ಕಾಯಬೇಕು. ಆಮೇಲಷ್ಟೇ ವಾಲ್ವ್ ತೆರೆದು, ಎಲೆಕ್ಟ್ರೋಡಿನಲ್ಲಿ ಟಿಕ್ ಟಿಕ್ ಎಂದು ಕಿಡಿ ಹಾರಿ, ಬರ್ನರ್ ಹೊತ್ತಿಕೊಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಜ್ವಾಲೆ ಕಾಣದಿದ್ದರೆ ಬೋರ್ಡ್ ವಾಲ್ವನ್ನು ಮುಚ್ಚುತ್ತದೆ. ಸಾಮಾನ್ಯವಾಗಿ ಮೂರು ಬಾರಿ ಪ್ರಯತ್ನಿಸಿ ಕೈಬಿಡುತ್ತದೆ. ಆದ್ದರಿಂದ ನೀವು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಟಿಕ್ ಟಿಕ್ ಸದ್ದು ಬರುತ್ತಿದೆಯೇ, ಇಲ್ಲವೇ?

ಸದ್ದೇ ಇಲ್ಲದಿದ್ದರೆ ಬಹುತೇಕ ಸೇಲ್ ಸ್ವಿಚ್ ಒತ್ತಿಕೊಂಡಿಲ್ಲ ಎಂದರ್ಥ. ಬ್ಲೋವರ್ ತನ್ನ ಪೂರ್ಣ ವೇಗದ ಸುಮಾರು ಮುಕ್ಕಾಲು ಪಾಲನ್ನು ಮುಟ್ಟದೆ ಅದು ಒತ್ತಿಕೊಳ್ಳುವುದಿಲ್ಲ, ಮತ್ತು 12 ವೋಲ್ಟಿನ ಆ ಮೋಟರಿಗೆ ಸುಮಾರು 10.5 ವೋಲ್ಟಿಗಿಂತ ಕಡಿಮೆ ಸಿಕ್ಕಿದರೆ ಆ ವೇಗ ಬರುವುದಿಲ್ಲ. ಇಲ್ಲಿಯೇ ಅನೇಕರು ಮೋಸ ಹೋಗುವುದು: ಸುಮ್ಮನಿರುವ ಬ್ಯಾಟರಿಗೆ ಮೀಟರ್ ಹಿಡಿದರೆ 12.5 ತೋರಿಸುತ್ತದೆ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಆದರೆ ಬ್ಲೋವರ್ ಕರೆಂಟ್ ಎಳೆಯತೊಡಗಿದೊಡನೆ ಹಳೆಯ ಬ್ಯಾಟರಿಯೋ, ತುಕ್ಕು ಹಿಡಿದ ಟರ್ಮಿನಲ್ಲೋ, ಸಡಿಲವಾದ ಅರ್ಥಿಂಗ್ ತಂತಿಯೋ ವೋಲ್ಟೇಜನ್ನು ಕುಸಿಯಗೊಡುತ್ತದೆ. ಹಾಗಾಗಿ ಬ್ಲೋವರ್ ತಿರುಗುತ್ತಿರುವಾಗ, ಫರ್ನೇಸಿನ ತಂತಿಗಳ ಬಳಿಯೇ ಅಳೆಯಬೇಕು. ವಾಹನವನ್ನು ಹೊರಗಿನ ವಿದ್ಯುತ್ತಿಗೆ ಜೋಡಿಸಿದಾಗ ಫರ್ನೇಸ್ ಸಲೀಸಾಗಿ ಹೊತ್ತಿಕೊಂಡರೆ ದೋಷ ವಿದ್ಯುತ್ತಿನ ಕಡೆಯದೆಂದು ತಿಳಿದಂತಾಯಿತು.

ವೋಲ್ಟೇಜ್ ಸರಿಯಿದ್ದರೆ ಸ್ವಿಚ್ಚನ್ನೇ ನೋಡಿ. ಅದು ಬೆರಳಗಲದ ತೆಳು ತಗಡು. ಗಾಳಿ ತಾಗಿದರೆ ಬಾಗಿಲಿನಂತೆ ಅಲುಗುವಂಥದ್ದು. ಸಾಕುನಾಯಿಯ ನಾಲ್ಕು ಕೂದಲು ಅದರ ಬುಡಕ್ಕೆ ಸುತ್ತಿಕೊಂಡರೂ ಸಾಕು, ತಗಡು ಅರ್ಧಕ್ಕೆ ನಿಂತುಬಿಡುತ್ತದೆ. ಕರೆಂಟ್ ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಶುಚಿಮಾಡಿದರೆ ಎಷ್ಟೋ ಬಾರಿ ಒಂದು ರೂಪಾಯಿಯೂ ಖರ್ಚಾಗದೆ ಕೆಲಸ ಮುಗಿಯುತ್ತದೆ.

ಟಿಕ್ ಟಿಕ್ ಕೇಳಿಸಿಯೂ ಜ್ವಾಲೆ ಹೊತ್ತದಿದ್ದರೆ ಆಗ ಗ್ಯಾಸಿನ ಕಡೆ ತಿರುಗಬೇಕು. ಒಲೆ ಉರಿಯುತ್ತದೆ ಎಂಬುದು ಗ್ಯಾಸ್ ಇದೆ ಎನ್ನುವುದಕ್ಕೆ ಸಾಕ್ಷಿಯೇ ಹೊರತು, ಒತ್ತಡ ಸಾಲುತ್ತದೆ ಎನ್ನುವುದಕ್ಕಲ್ಲ. ಫರ್ನೇಸ್ ಒಂದು ಒಲೆಗಿಂತ ಬಹಳ ಹೆಚ್ಚು ಗ್ಯಾಸ್ ಬೇಡುತ್ತದೆ. ಒತ್ತಡ 11 ಇಂಚು ನೀರಿನ ಮಟ್ಟಕ್ಕೆ ಸಮವಾಗಿರಬೇಕು, ಅದನ್ನು ಮಾನೋಮೀಟರ್ (ಒತ್ತಡ ಅಳೆಯುವ ಸಾಧನ) ಉಳ್ಳವರಿಂದಲೇ ನೋಡಿಸಿ. ಸಿಲಿಂಡರಿನ ವಾಲ್ವನ್ನು ರಭಸದಿಂದ ತಿರುಗಿಸಿದ್ದರೆ ಅಲ್ಲಿನ ಸುರಕ್ಷಾ ಕವಾಟ ಸೋರಿಕೆಯೆಂದು ಭ್ರಮಿಸಿ ಹರಿವನ್ನು ತಗ್ಗಿಸಿರಬಹುದು. ಮುಚ್ಚಿ, ಸ್ವಲ್ಪ ಕಾದು, ನಿಧಾನವಾಗಿ ತೆರೆದು ನೋಡಿ. ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಬೆರೆತ ಗ್ಯಾಸೇ ಎಂಬುದನ್ನೂ ವಿಚಾರಿಸಿ: ಪ್ರೊಪೇನ್ −42 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಆವಿಯಾಗುತ್ತದೆ, ಬ್ಯೂಟೇನ್ ಮಾತ್ರ ಸೊನ್ನೆಯ ಆಸುಪಾಸಿನಲ್ಲೇ ದ್ರವವಾಗಿ ಉಳಿಯುತ್ತದೆ. ವಾಹನ ತಿಂಗಳುಗಟ್ಟಲೆ ನಿಂತಿದ್ದರೆ ಹೊರಗಿನ ಹೊಗೆಕಿಂಡಿಯೊಳಗೆ ಟಾರ್ಚ್ ಹಾಯಿಸಿ. ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುವುದು ತೀರ ಸಾಮಾನ್ಯ.

ಹೊತ್ತಿಕೊಂಡ ಜ್ವಾಲೆ ಕೆಲವು ಸೆಕೆಂಡುಗಳಲ್ಲೇ ಆರಿದರೆ ಜ್ವಾಲೆಯನ್ನು ಗುರುತಿಸುವ ಎಲೆಕ್ಟ್ರೋಡ್ ಮಸಿಗಟ್ಟಿರಬಹುದು ಅಥವಾ ಅರ್ಥಿಂಗ್ ಕೆಟ್ಟಿರಬಹುದು. ಹಲವು ನಿಮಿಷ ಉರಿದು ಆರಿದರೆ ಬಿಸಿಗಾಳಿಯ ಕಿಂಡಿಗಳು ಮುಚ್ಚಿ, ಶಾಖ ಏರಿ, ಅತಿ ಬಿಸಿಯಾದಾಗ ಬೆಂಕಿ ನಿಲ್ಲಿಸುವ ಲಿಮಿಟ್ ಸ್ವಿಚ್ ಸಂಪರ್ಕ ಕಡಿದಿರಬಹುದು. ಥರ್ಮೋಸ್ಟಾಟ್ ನಿಂತ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುವುದು ದೋಷವಲ್ಲ.

ಥರ್ಮೋಸ್ಟಾಟನ್ನು ಆರಿಸಿ ಹಾಕಿದರೆ ಫರ್ನೇಸ್ ಮತ್ತೆ ಮೊದಲಿನಿಂದ ಪ್ರಯತ್ನಿಸುತ್ತದೆ, ಆದರೆ ಅದನ್ನು ಹತ್ತಾರು ಬಾರಿ ಮಾಡಬೇಡಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು ಸಿಲಿಂಡರನ್ನು ಮುಚ್ಚಿ; ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಹೊಗೆಕಿಂಡಿಯ ಸುತ್ತ ಕಪ್ಪು ಮಸಿ ಕಂಡರೆ, ಅಥವಾ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ, ತಜ್ಞರು ನೋಡುವವರೆಗೆ ಫರ್ನೇಸನ್ನು ಬಳಸಲೇಬೇಡಿ.

ಕೆಲವರು ಸೇಲ್ ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿ "ರಿಪೇರಿ" ಮುಗಿಸುವುದುಂಟು. ಈ ಫರ್ನೇಸುಗಳಲ್ಲಿ ಒಂದೇ ಮೋಟರಿನ ದಂಡಕ್ಕೆ ಎರಡು ಚಕ್ರಗಳಿರುತ್ತವೆ: ಒಂದು ಕೋಣೆಗೆ ಬಿಸಿಗಾಳಿ ತಳ್ಳುತ್ತದೆ, ಇನ್ನೊಂದು ಬೆಂಕಿಗೆ ಗಾಳಿ ಕೊಟ್ಟು ಹೊಗೆಯನ್ನು ಹೊರಗಟ್ಟುತ್ತದೆ. ಮೋಟರ್ ನಿಧಾನವಾಗಿದೆ ಎಂದು ಹೇಳುವ ಸಾಧನವೇ ಆ ಸ್ವಿಚ್ಚು; ಅದನ್ನು ತಪ್ಪಿಸಿದರೆ ಹೊಗೆ ಸರಿಯಾಗಿ ಹೊರಹೋಗದಿದ್ದರೂ ಬೆಂಕಿ ಉರಿಯಬಹುದು. ಹಳೆಯ ವಾಹನ ಕೊಂಡವರು ಅಲ್ಲಿ ಅಂಥ ಜೋಡಣೆಯ ತಂತಿ ಕಂಡರೆ, ಬೇರೇನನ್ನು ಪರೀಕ್ಷಿಸುವ ಮೊದಲೂ ಅದನ್ನು ಕಿತ್ತು ಹೊಸ ಸ್ವಿಚ್ ಹಾಕಿಸಬೇಕು.