ಓರೆಯಾಗಿ ನೋಡಿದರಷ್ಟೇ ಕಾಣುವ ಬುರುಡೆ: ಹಾಲ್ಬೈನ್‌ನ 'ದಿ ಅಂಬಾಸಿಡರ್ಸ್'

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರವನ್ನು ಹಾನ್ಸ್ ಹಾಲ್ಬೈನ್ 1533ರಲ್ಲಿ ಓಕ್ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ. ಎತ್ತರ, ಅಗಲ ಎರಡೂ 2 ಮೀಟರಿಗಿಂತ ತುಸು ಹೆಚ್ಚು. ಎಡಕ್ಕೆ ಫ್ರಾನ್ಸಿನ ರಾಯಭಾರಿ ಜಾನ್ ದ ಡ್ಯಾಂತ್‌ವೀಲ್, ಬಲಕ್ಕೆ ಅವನ ಗೆಳೆಯ, ಬಿಷಪ್ ಜಾರ್ಜ್ ದ ಸೆಲ್ವ್. ಇಬ್ಬರ ಕಾಲಬುಡದಲ್ಲಿ ಓರೆಯಾಗಿ ಚಾಚಿದ ಬೂದು ಪಟ್ಟೆಯೇ ತಲೆಬುರುಡೆ.

ನೋಡುವುದು ಹೇಗೆ? ಗ್ಯಾಲರಿಯಲ್ಲಾದರೆ ಬಲ ಅಂಚಿನ ಬಳಿ, ಗೋಡೆಗೆ ಹತ್ತಿರ ನಿಂತು ಪಟ್ಟೆಯ ಉದ್ದಕ್ಕೆ ಕಣ್ಣು ಹಾಯಿಸಬೇಕು. ಮನೆಯಲ್ಲಾದರೆ ಇಡೀ ಚಿತ್ರದ ಅಚ್ಚುಪ್ರತಿಯ ಬಲ ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ, ಹಾಳೆ ಹೆಚ್ಚುಕಡಿಮೆ ಗೆರೆಯಂತೆ ಕಾಣುವವರೆಗೆ ಓರೆ ಮಾಡಿ. ಬುರುಡೆಯನ್ನು ಒಂದು ದಿಕ್ಕಿಗೆ ಮಾತ್ರ ಎಳೆದಿರುವುದರಿಂದ ಓರೆನೋಟದಲ್ಲಿ ಆ ಉದ್ದವಷ್ಟೇ ಕುಗ್ಗಿ ಆಕಾರ ಸರಿಹೋಗುತ್ತದೆ. ಇದಕ್ಕೆ ಅನಾಮಾರ್ಫೋಸಿಸ್ ಎನ್ನುತ್ತಾರೆ. ಹೆಚ್ಚಿನವರಿಗೆ ಕಾಣದಿರಲು ಕಾರಣ ಓರೆ ಸಾಲದಿರುವುದು. ನುಣುಪು ಕಾಗದ ಬೆಳಕಿಗೆ ಹೊಳೆದರೂ ಕಾಣದು. ಕೆಲವು ಮೊಬೈಲ್ ಪರದೆಗಳು ಓರೆ ಮಾಡಿದೊಡನೆ ಮಬ್ಬಾಗುತ್ತವೆ. ಆಗ ಫೋಟೋ ಎಡಿಟರ್‌ನಲ್ಲಿ ಪಟ್ಟೆ ಅಡ್ಡಡ್ಡ ಮಲಗುವಂತೆ ಚಿತ್ರವನ್ನು ತಿರುಗಿಸಿ, ಎತ್ತರ ಮುಟ್ಟದೆ ಅಗಲ ಮಾತ್ರ ಕುಗ್ಗಿಸುತ್ತಾ ಹೋಗಿ. ಪಕ್ಕಾ ಬರದಿದ್ದರೂ ಗುರುತು ಸಿಗುತ್ತದೆ.

ಡ್ಯಾಂತ್‌ವೀಲ್‌ನ ಟೋಪಿಯಲ್ಲೂ ಪುಟ್ಟ ಬುರುಡೆಯ ಪದಕವಿದೆ. ವಯಸ್ಸುಗಳೂ ಅಡಗಿವೆ: ಅವನ ಕಠಾರಿಯ ಒರೆಯ ಮೇಲೆ 29, ಸೆಲ್ವ್‌ನ ಮೊಣಕೈ ಕೆಳಗಿನ ಪುಸ್ತಕದ ಅಂಚಿನಲ್ಲಿ 25.

ಇಬ್ಬರ ನಡುವಿನ ಕಪಾಟಿನ ಕೆಳಗಿನ ಹಲಗೆ ಇನ್ನೂ ಸ್ವಾರಸ್ಯದ್ದು. ಲೂಟ್ ವಾದ್ಯದ ಒಂದು ತಂತಿ ಹರಿದಿದೆ. ಗಣಿತದ ಪುಸ್ತಕ ತೆರೆದಿರುವುದು ಭಾಗಾಕಾರದ ಪುಟಕ್ಕೆ. ಪಕ್ಕದಲ್ಲಿ ರೋಮಿನ ಚರ್ಚನ್ನು ವಿರೋಧಿಸಿದ ಲೂಥರ್ ಪಂಥದ ಸ್ತೋತ್ರಪುಸ್ತಕ. ಮೂಲದಲ್ಲಿ ಅಕ್ಕಪಕ್ಕ ಇಲ್ಲದ ಎರಡು ಸ್ತೋತ್ರಗಳು ಇಲ್ಲಿ ಎದುರುಬದುರು ಪುಟಗಳಲ್ಲಿವೆ. ಇದು ಆಕಸ್ಮಿಕವಲ್ಲ. ಇಂಗ್ಲೆಂಡ್ ರೋಮಿನ ಚರ್ಚಿನಿಂದ ಬೇರ್ಪಡುತ್ತಿದ್ದ ಕಾಲವದು.

ಪರೀಕ್ಷೆಯಲ್ಲಿ ಈ ಚಿತ್ರದ ಬಗ್ಗೆ ಉತ್ತರ ಬರೆಯುವಾಗ ಕಂಡದ್ದನ್ನೂ ಊಹೆಯನ್ನೂ ಬೆರೆಸಬೇಡಿ. ಹರಿದ ತಂತಿ ಕಣ್ಣಿಗೆ ಕಾಣುತ್ತದೆ. ಅದು ಧಾರ್ಮಿಕ ಒಡಕಿನ ಸಂಕೇತ ಎಂಬುದು ವ್ಯಾಖ್ಯಾನ. ಸ್ತೋತ್ರಪುಸ್ತಕ ಜೊತೆಗಿರುವುದರಿಂದ ಅದಕ್ಕೆ ಬಲವಿದೆ. ಚಿತ್ರವನ್ನು ಮೆಟ್ಟಿಲ ಬಳಿ ತೂಗುಹಾಕಲೆಂದೇ ಬುರುಡೆಯನ್ನು ಹೀಗೆ ಬರೆದ ಎಂಬುದು ಬರೀ ಊಹೆ. ಅಂಕ ಅದಕ್ಕೆ ಸಿಗದು.

ಅಭ್ಯಾಸಕ್ಕೆ ಪ್ರತಿ ಆರಿಸುವಾಗ ಮೇಲಿನ ಎಡಮೂಲೆ ನೋಡಿ. ಹಸಿರು ಪರದೆಯ ಅಂಚಿನಲ್ಲಿ ಅರ್ಧ ಮರೆಯಾದ ಶಿಲುಬೆ ಇಲ್ಲದಿದ್ದರೆ ಆ ಪ್ರತಿಯ ಅಂಚು ಕತ್ತರಿಸಿದ್ದಾರೆಂದೇ ಅರ್ಥ, ಬೇರೆಯದು ಹುಡುಕಿ.